ಜಪಾನಿನ ಮುದುಕಿಯರು, ನಮ್ಮತ್ತೆಯ ಚೊಂಬು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೇಲೂರಿನ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿ. ಎಂ.ಫಿಲ್. ಮುಗಿದರೆ ಕೆಲಸ ಕಾಯಂ ಆದೀತೆಂಬ ಆಸೆ. ಪ್ರಬಂಧದ ವಿಷಯ, ಜಪಾನೀಯರ ಮುಪ್ಪನ್ನು ಸಂಶೋಧಕರು ಹೇಗೆ ಕಂಡಿದ್ದಾರೆ ಎಂಬುದು. ಜಪಾನು ಹಾಗಿರಲಿ, ಅರಸೀಕೆರೆಯ ನಮ್ಮ ಮನೆ ಬಿಟ್ಟು ಒಂದು ರಾತ್ರಿ ಎಲ್ಲೂ ತಂಗುವ ಹಾಗಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅತ್ತೆ ಹಾಸಿಗೆ ಹಿಡಿದಿದ್ದರು. ನನ್ನ ಗಂಡ ಕೊಬ್ಬರಿ ಮಂಡಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ತಿನ್ನಿಸುವುದು, ಒರೆಸುವುದು, ಬೆಡ್‌ಪ್ಯಾನ್ ಇಡುವುದು ಎಲ್ಲ ನನ್ನ ತಲೆಗೆ.

ಬೇಲೂರಿನಿಂದ ಮನೆಗೆ ಬರುವ ಮೂರೂವರೆಯ ಬಸ್ಸು ತಪ್ಪಿದರೆ ಮುಗಿಯಿತು. ಹಳೇಬೀಡಿನಲ್ಲಿ ಪ್ರವಾಸಿಗರು ಆರಾಮಾಗಿ ಎಳನೀರು ಹೀರುವುದನ್ನು ಕಿಟಕಿಯಿಂದ ಕಂಡು ಹೊಟ್ಟೆ ಉರಿಯುತ್ತಿತ್ತು. ತೊಡೆಯ ಮೇಲೆ ಜೆರಾಕ್ಸ್ ಹಾಳೆಗಳು. ಅವುಗಳಲ್ಲಿ ಜಪಾನಿನ ಮುದುಕಿಯರು ದೇವಸ್ಥಾನಕ್ಕೆ ಹೋಗಿ, ಹಾಸಿಗೆ ಹಿಡಿಯದೆ ತಟ್ಟನೆ ಸಾವು ಬರಲೆಂದು ಬೇಡಿಕೊಳ್ಳುತ್ತಿದ್ದರು. ಸೊಸೆಗೆ ಹೊರೆಯಾಗಬಾರದಂತೆ. ಎಂಥ ಸಂಸ್ಕಾರವಂತರು ಎಂದು ಅಡಿಗೆರೆ ಎಳೆದೆ. ನಮ್ಮತ್ತೆಗೂ ಆ ಬುದ್ಧಿ ಇರಬಾರದಿತ್ತೇ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದರೆ ಮಂಚದ ಪಕ್ಕದ ಚೊಂಬಿನ ನೀರು ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ಕೇಳಿದರೆ, "ಬೆಳಿಗ್ಗೆ ತಿಂದ ಮ್ಯಾಲೆ, ಸಂಜೆ ಲಿಂಗಪೂಜೆ ಆಗೋಗಂಟ ನೀರು ಮುಟ್ಟಲ್ಲ ಕಣವ್ವ" ಅನ್ನುತ್ತಿದ್ದರು. ನಾನು ಅದನ್ನೂ ಬಿಡಲಿಲ್ಲ. ಜಪಾನಿನೊಂದಿಗೆ ನಮ್ಮ ಕಡೆಯ ಮುಪ್ಪನ್ನು ಹೋಲಿಸುವ ಅಧ್ಯಾಯದಲ್ಲಿ, ವಯಸ್ಸಾದಂತೆ ವ್ರತನಿಷ್ಠೆ ಗಟ್ಟಿಯಾಗುತ್ತದೆ ಎಂದು ಬರೆದು ಬೀಗಿದೆ.

ಭಾನುವಾರವೂ ಟೈಪಿಂಗ್ ಅಂಗಡಿಯಲ್ಲೇ ಕೂರುತ್ತಿದ್ದವಳು, ಒಂದು ದಿನ ಜ್ವರ ಬಂದು ಮನೆಯಲ್ಲುಳಿದೆ. ಮಧ್ಯಾಹ್ನ ಅತ್ತೆ ನೀರು ಕೇಳಿ ಎರಡು ಲೋಟ ಗಟಗಟನೆ ಕುಡಿದರು.

"ಪೂಜೆ ಆಗಿಲ್ಲವಲ್ಲ ಅತ್ತೆ?" ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ಪ್ಯಾನು ಇಡಾಕೆ ಇವತ್ತು ನೀನಿದ್ದೀಯಲ್ಲ. ಬ್ಯಾರೆ ದಿನ ಕುಡ್ದು ಯಾರನ್ನ ಕೂಗ್ಲಿ? ಒದ್ದೆ ಹಾಸಿಗೇಲಿ ಬಿದ್ದಿರಾಕೆ ನಾಚ್ಕೆ ಕಣವ್ವ."

ಆ ಬಸ್ಸಿಗೆ ನಾನೊಬ್ಬಳೇ ಕಟ್ಟುಬಿದ್ದಿದ್ದೇನೆ ಅಂದುಕೊಂಡಿದ್ದೆ. ಅದೇ ಬಸ್ಸಿಗೆ ಇವರು ಗಂಟಲು ಒಣಗಿಸಿಕೊಂಡು ಕಾಯುತ್ತಿದ್ದರು.

ಆ ಅಧ್ಯಾಯ ಆಗಲೇ ಟೈಪ್ ಆಗಿತ್ತು. ಗಡುವು ಹತ್ತಿರವಿತ್ತು, ನಾನು ಬದಲಿಸಲಿಲ್ಲ. ವ್ರತನಿಷ್ಠೆಯ ಆ ಸಾಲನ್ನೇ ಪರೀಕ್ಷಕರು ಮುಂದೆ ಹೊಗಳಿದರು, ಕೆಲಸವೂ ಕಾಯಂ ಆಯಿತು.

ಜ್ವರ ಬಿಟ್ಟ ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಎಂದಿನಂತೆ ಚೊಂಬು ತುಂಬಿ ಮಂಚದ ಪಕ್ಕ ಇಟ್ಟೆ. ಕುಡಿಯಿರಿ ಅನ್ನಲು ಬಾಯಿ ಬರಲಿಲ್ಲ. "ಮೂರೂವರೆ ಬಸ್ಸಿಗೇ ಬರ್ತೀನಿ ಅತ್ತೆ" ಎಂದೆ. ಅವರು ತಲೆಯಾಡಿಸಿ ಚೊಂಬಿನ ಮೇಲೆ ಲೋಟ ಬೋರಲು ಹಾಕಿದರು.