ಬಾನೆಟ್ಟಿನ ಮೇಲಿನ ಮೂರು ಗೆರೆ

ನಮ್ಮಪ್ಪನ ದನಿ ನನಗೆ ನಮ್ಮಪ್ಪನಿಗಿಂತ ಚೆನ್ನಾಗಿ ಬರುತ್ತದೆ. ಮೊದಲು ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕು, ಆಮೇಲೆ ಅರ್ಧ ಮೂಗಿನಿಂದ "ಏನ್ ನಡಸೀರಿ?" ಎನ್ನಬೇಕು. ಮನೆಯಲ್ಲಿ ಯಾರು ಏನು ಮಾಡುತ್ತಿದ್ದರೂ ಬಿಟ್ಟು ನಿಲ್ಲುತ್ತಾರೆ. ಒಮ್ಮೆ ಅವ್ವ ಈ ದನಿಗೆ ಹೆದರಿ ಒಲೆಯ ಮೇಲಿನ ಹಾಲು ಉಕ್ಕಿಸಿದ್ದಳು. ಆ ಹಾಲಿನ ಸಿಟ್ಟು ಇವತ್ತಿಗೂ ನನ್ನ ಮೇಲೆ ಆರಿಲ್ಲ.

ಈ ವಿದ್ಯೆಗೆ ಖಾಯಂ ಗಿರಾಕಿ ಎಂದರೆ ಪಕ್ಕದ ಮನೆಯ ಕಾಕಾ; ದಿನಾ ಒಮ್ಮೆಯಾದರೂ ಅವರ ಬಾಗಿಲಲ್ಲಿ ನಿಂತು ಅಪ್ಪನ ದನಿ ತೆಗೆಯುತ್ತಿದ್ದೆ. ಬೀದರಿನ ನಮ್ಮ ಓಣಿಯಲ್ಲಿ ಅಪ್ಪ ಮತ್ತು ಕಾಕಾ ಬೆಳಗಾದರೆ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವರು, ಒಂದೇ ಪೇಪರನ್ನು ಎರಡು ಪಾಲು ಮಾಡಿ ಓದುತ್ತಿದ್ದವರು. ಈಗ ಇಬ್ಬರಿಗೂ ಮಾತಿಲ್ಲ. ಕಾರಣ ಒಂದು ಬೆಕ್ಕು.

ನಮ್ಮದು ಕರಿ ಬಣ್ಣದ ಹಳೆಯ ಕಾರು. ಬೀದರಿನಲ್ಲಿ ಕರಿ ಕಾರು ಇಟ್ಟುಕೊಳ್ಳುವುದೆಂದರೆ ಬಿಳಿ ಅಂಗಿ ಹಾಕಿ ಕೂಸನ್ನು ಎತ್ತಿಕೊಂಡಂತೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆಗೆ ಅದರ ಮೇಲೆ ಕೆಂಪು ಧೂಳಿನ ಹಾಸಿಗೆ. ಆ ಹಾಸಿಗೆಯ ಮೇಲೆ ಕಾಕಾನ ಬೆಕ್ಕು ಬಂದು, ಬಾನೆಟ್ಟಿನ ಬಿಸಿಗೆ ಹೊಟ್ಟೆಕೊಟ್ಟು ಮಲಗುತ್ತಿತ್ತು. ಒಂದು ದಿನ ಅಪ್ಪನಿಗೆ ಬಾನೆಟ್ಟಿನ ನಡುವೆ ಮೂರು ಉದ್ದನೆಯ ಗೆರೆ ಕಂಡವು. ತುದಿಯಲ್ಲಿ ಬಾಗಿದ, ಒಂದರ ಪಕ್ಕ ಒಂದು ಇದ್ದ ಗೆರೆಗಳು. ನೋಡಿದವರು ಯಾರೇ ಆದರೂ ಪಂಜಾ ಎನ್ನಬೇಕು.

"ನಿನ್ನ ಬೆಕ್ಕ ನನ್ನ ಗಾಡಿ ಮುಖಾ ಹರದು ಇಟ್ಟದ ನೋಡು."

"ನನ್ನ ಬೆಕ್ಕ ಇಲಿನೇ ಹಿಡಿಯಂಗಿಲ್ಲ, ನಿನ್ನ ಗಾಡಿ ಹಿಡಿತದ? ಅದಕ್ಕೂ ಒಂದ್ ಅಂತಸ್ತು ಅದ."

ನಕ್ಕು ಮುಗಿಯಬೇಕಾದ ಮಾತು ಮುಗಿಯಲಿಲ್ಲ. ಅಪ್ಪ ಬೆಕ್ಕನ್ನು ಬಿಟ್ಟು ಬೆಕ್ಕು ಸಾಕಿದವರ ಮೇಲೆ ಹೋದ. "ಸಾಕಿದಾಂವ್ಗೇ ಶಿಸ್ತ ಇಲ್ಲ, ಪಾಪ ಬೆಕ್ಕ ಏನ್ ಮಾಡ್ತದ" ಎಂದುಬಿಟ್ಟ. ಕಾಕಾ ಚಹಾದ ಕಪ್ಪನ್ನು ಅರ್ಧಕ್ಕೇ ಕಟ್ಟೆಯ ಮೇಲಿಟ್ಟು ಎದ್ದರು. ಮರುದಿನ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ, ಠಾಣಾ ಕುಶನೂರಿನ ತಂಗಿಯ ಮನೆಯಲ್ಲಿ ಬಿಟ್ಟು ಬಂದರು. ಬಂದವರು ಗೇಟಿಗೆ ಕೊಂಡಿ ಹಾಕಿಕೊಂಡರು. ಬೆಕ್ಕಿಲ್ಲದ ಮನೆಯಲ್ಲಿ ಅವರು ದಿನಾ ಒಂದು ಬಟ್ಟಲು ಹಾಲು ಇಡುತ್ತಾರೆ, ಸಂಜೆ ಅದನ್ನೇ ಚಹಾಕ್ಕೆ ಸುರಿಯುತ್ತಾರೆ ಎಂದು ಕಾಕಿ ನಮ್ಮವ್ವನ ಹತ್ತಿರ ಗೋಡೆಯ ಮೇಲಿಂದ ಹೇಳಿದ್ದಳು.

ಇಷ್ಟೇ ಆಗಿದ್ದರೆ ಓಣಿಯ ಜಗಳ ಓಣಿಯಲ್ಲೇ ಇರುತ್ತಿತ್ತು. ಆದರೆ ಅಕ್ಕನಿಗೆ ಔರಾದಿನ ಸಂಬಂಧ ತಂದವರೇ ಈ ಕಾಕಾ. ಜಗಳಕ್ಕೆ ಮೊದಲೇ ಮಾತು ಗಟ್ಟಿಯಾಗಿತ್ತು. ನಿಶ್ಚಯ ಹತ್ತಿರ ಬಂತು. ಸಂಬಂಧ ಕುದುರಿಸಿದವರೇ ಇಲ್ಲದೆ ಗಂಡಿನ ಮನೆಗೆ ಹೋಗುವುದು ಹೇಗೆ? ಅಪ್ಪನದು ಒಂದೇ ಹಟ: "ನಾ ಕರಿಯಂಗಿಲ್ಲ. ಅಂವಾ ಬಂದು ತಪ್ಪಾತು ಅನ್ಲಿ." ಅಕ್ಕನದು ಅದಕ್ಕಿಂತ ಒಂದು ಕೈ ಹೆಚ್ಚು. ಅಪ್ಪನಿಗೆ ಹೇಳಲಾರದೆ ನನಗೆ ಹೇಳಿದಳು: "ಕಾಕಾ ಬರದಿದ್ರ ನಾ ಔರಾದಕ್ಕ ಬರಂಗಿಲ್ಲ. ನೀನೇ ಸೀರಿ ಉಟ್ಕೊಂಡು ಹೋಗು. ಹೆಂಗೂ ನನ್ನ ದನಿ ತೆಗಿತಿ."

ಸೀರೆ ನನಗೆ ಒಪ್ಪುವುದಿಲ್ಲ. ಹಾಗಾಗಿ ಬೇರೆ ದಾರಿ ಹುಡುಕಿದೆ. ಗೆರೆ ಹೋದರೆ ಸಿಟ್ಟು ಹೋಗುತ್ತದೆ, ಸಿಟ್ಟು ಹೋದರೆ ಕಾಕಾ ಬರುತ್ತಾರೆ. ನಾನು ಕೆಲಸ ಮಾಡುವ ಕೊಳಾರದ ಗೋದಾಮಿನಲ್ಲಿ ಊಟದ ಬಿಡುವಿನ ಹೊತ್ತಿಗೆ ಫೋನಿನಲ್ಲಿ ಕಾರಿನ ಗೀರು ತೆಗೆಯುವ ವಿಡಿಯೋ ನೋಡಿ ನೋಡಿ, ಪಾಲಿಶ್ ಯಂತ್ರಕ್ಕೆ ಕೈ ಮುಟ್ಟಿಸದೆಯೇ ನಾನು ಉಸ್ತಾದನಾದೆ. ಯಂತ್ರ ಭಾಲ್ಕಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಸೋದರಮಾವನ ಹತ್ತಿರ ಇತ್ತು. ಕೊಡುವಾಗ ಮಾವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಗೆರಿ ಮ್ಯಾಲ ಉಗುರು ಆಡಸು. ಉಗುರು ಸಿಕ್ಕೊಂಡ್ರ ಕೈ ಬಿಡು. ಸಿಗದಿದ್ರ ಹೋಗ್ತದ. ಒಂದೇ ಜಾಗಾದಾಗ ಮಷೀನ್ ನಿಲ್ಲಸಬ್ಯಾಡ, ಬಣ್ಣಾ ಸುಟ್ಟು ಹೋಗ್ತದ. ನಿಮ್ಮಪ್ಪ ನನ್ನ ಸುಡ್ತಾನ."

ಭಾನುವಾರ ಅಪ್ಪ ಒಂದು ಮದುವೆಗೆಂದು ಕಮಠಾಣಕ್ಕೆ ಸ್ಕೂಟರಿನಲ್ಲಿ ಹೋದ. ನಾನು ಕಾರನ್ನು ನೆರಳಿಗೆ ತಳ್ಳಿ ಸೋಪಿನ ನೀರಿನಲ್ಲಿ ಮೀಯಿಸಿದೆ. ತೊಳೆದ ಮೇಲೂ ಬಣ್ಣಕ್ಕೆ ಅಂಟಿಕೊಂಡಿರುವ ಹೊಲಸನ್ನು ಎಳೆಯಲು ಜೇಡಿಮಣ್ಣಿನಂಥ ಒಂದು ಮೆತ್ತನೆಯ ಮುದ್ದೆ ಬರುತ್ತದೆ. ಅದನ್ನು ನಾದುತ್ತಿದ್ದಾಗ ಅವ್ವ ಬಂದು ನೋಡಿದಳು. "ಮನ್ಯಾಗ ಒಂದ್ ದಿನಾನೂ ಕಣಕ ನಾದಿಲ್ಲ. ಗಾಡಿಗಿ ಹೋಳಗಿ ಮಾಡ್ಲಕತ್ತಾನ."

ತೊಳೆದು ಒಣಗಿಸಿ, ಫೋನಿನ ಟಾರ್ಚನ್ನು ಬಾನೆಟ್ಟಿನ ಮೇಲೆ ಹಿಡಿದೆ. ಕಾರಿನ ತುಂಬ ಜೇಡರ ಬಲೆ. ಬೆಳಕು ಹಿಡಿದಲ್ಲೆಲ್ಲ ಕೂದಲಿನಷ್ಟು ಸಣ್ಣ ಗೀರುಗಳು ಸುತ್ತು ಸುತ್ತಾಗಿ ಎದ್ದು ನಿಂತವು. ಬಾಗಿಲು, ಛಾವಣಿ, ಡಿಕ್ಕಿ, ಒಂದೂ ಉಳಿದಿರಲಿಲ್ಲ. ಬಾನೆಟ್ಟಿನ ನಡುವೆ ಇದ್ದದ್ದೂ ಮೂರು ಗೆರೆಯಲ್ಲ. ಮೂರರ ಮೇಲೆ ಮೂರು, ಅದರ ಮೇಲೆ ಇನ್ನೂ ಮೂರು. ಎಲ್ಲ ಒಂದೇ ಜಾಗದಲ್ಲಿ, ಒಂದೇ ಬಾಗಿನಲ್ಲಿ. ಉಗುರು ಆಡಿಸಿದೆ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಈ ಬೆಕ್ಕು ದಿನಾ ಬಂದು ಹಾಜರಿ ಹಾಕಿ ಹೋಗುತ್ತಿತ್ತೇ ಎಂದು ನಗು ಬಂತು. ನಕ್ಕು ಕೆಲಸಕ್ಕೆ ಹತ್ತಿದೆ. ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ಕೂತು ಯೋಚಿಸುತ್ತಿದ್ದೆ.

ಉಜ್ಜುವ ಪೇಸ್ಟನ್ನು ಸ್ಪಂಜಿನ ಬಿಲ್ಲೆಗೆ ಹಚ್ಚಿ, ಬಣ್ಣಕ್ಕೆ ಒತ್ತಿ ಹಿಡಿದ ಮೇಲೆ ಗುಂಡಿ ಅದುಮಬೇಕು. ನಾನು ಗಾಳಿಯಲ್ಲಿ ಹಿಡಿದು ಅದುಮಿದೆ. ಪೇಸ್ಟೆಲ್ಲ ಹಾರಿ ನನ್ನ ಮುಖ, ಗೋಡೆ, ಹಗ್ಗದ ಮೇಲಿದ್ದ ಅಕ್ಕನ ದುಪಟ್ಟಾ, ಎಲ್ಲಕ್ಕೂ ಮೆತ್ತಿತು. ಅಕ್ಕ ಹೊರಗೆ ಬಂದು ನನ್ನನ್ನು ನೋಡಿ ಮೊದಲು ಕಿರುಚಿದಳು, ಆಮೇಲೆ ಫೋಟೋ ತೆಗೆದಳು.

ಮತ್ತೆ ಶುರು. ಮೊದಲು ಒಂದು ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮಾಡಿ ನೋಡಿದೆ. ಬಲೆ ಮಾಯ! ನಿಧಾನಕ್ಕೆ ಆಕಡೆಯಿಂದ ಈಕಡೆ, ಮೇಲಿನಿಂದ ಕೆಳಗೆ ಯಂತ್ರ ನಡೆಸಿದೆ. ಸೊಕ್ಕು ಬಂದು ಬಾನೆಟ್ಟಿನ ಅಂಚಿನ ಮೇಲೆ ಒಂದು ಗಳಿಗೆ ಜಾಸ್ತಿ ನಿಂತೆ. ಸುಟ್ಟ ವಾಸನೆ ಬಂತು. ಕೈಯಿಟ್ಟರೆ ಹಂಚಿನಂತೆ ಕಾದಿತ್ತು. ಮಾವನ, ಅಪ್ಪನ, ನಮ್ಮ ಕುಲದೇವರ ಮುಖಗಳು ಸಾಲಾಗಿ ಕಣ್ಣ ಮುಂದೆ ಹಾದವು. ಒರೆಸಿ ನೋಡಿದೆ, ಬಣ್ಣ ಉಳಿದಿತ್ತು.

ಯಂತ್ರದ ಸದ್ದಿಗೆ ಗೋಡೆಯ ಆಚೆ ಕಾಕಾನ ತಲೆ ಎದ್ದಿತು. ನಾನು ಪೇಸ್ಟ್ ಮೆತ್ತಿದ ಮುಖದಲ್ಲೇ ನಕ್ಕೆ.

"ಕಾಕಾ, ನಿಮ್ಮ ಬೆಕ್ಕಿನ ಹಸ್ತಾಕ್ಷರ ಅಳಸ್ಲಕತ್ತೀನ್ರಿ."

ಅವರು ನಗಲಿಲ್ಲ. ಆಚೆ ಈಚೆ ನೋಡಿ, ದನಿ ಸಣ್ಣದು ಮಾಡಿ ಕೇಳಿದರು: "ನಿಮ್ಮಪ್ಪ ಇಲ್ಲಲ್ಲ? ಜರಾ ಅಂವನ ದನಿ ತೆಗಿ."

ನಾನು ಕೆಮ್ಮಿ, ಅರ್ಧ ಮೂಗಿನಿಂದ ಹೇಳಿದೆ: "ಏ, ಚಾ ಆರ್ಲಕತ್ತದ, ಬಾರೋ ಲಗು." ಕಾಕಾ ಕಣ್ಣು ಮುಚ್ಚಿ ಕೇಳಿದರು. "ಬರೋಬ್ಬರಿ ಅದ" ಎಂದು ಹೇಳಿ ತಲೆ ಕೆಳಗಿಳಿಸಿದರು. ನಾನು ಯಂತ್ರವನ್ನು ಬಾನೆಟ್ಟಿಗೆ ಒತ್ತಿ ಮತ್ತೆ ಗುಂಡಿ ಅದುಮಿದೆ.

ಸಂಜೆ ಅಪ್ಪ ಬಂದು ಗೇಟಿನಲ್ಲೇ ನಿಂತುಬಿಟ್ಟ. ಬಾನೆಟ್ಟಿನಲ್ಲಿ ಬೇವಿನ ಮರದ ಎಲೆ ಎಲೆಯೂ ಕಾಣುತ್ತಿತ್ತು. ಸುತ್ತ ಹೋಗಿ ನೋಡಿದ, ಬಗ್ಗಿ ನೋಡಿದ. "ಯಾವ ಅಂಗಡ್ಯಾಗ ಮಾಡಿಸಿದಿ?" ಎಂದ. ನನ್ನ ಜನ್ಮದಲ್ಲಿ ಅಪ್ಪ ಕೊಟ್ಟ ದೊಡ್ಡ ಶಾಭಾಸಗಿರಿ ಅದು. ಅದೇ ಬಿಸಿಯಲ್ಲಿ ಕಾಕಾನನ್ನು ಕರೆಯುವ ಮಾತು ಎತ್ತಿದೆ. "ಗೆರಿ ಹೋದ್ವು ಅಂದ್ರ ಬೆಕ್ಕಿನ ತಪ್ಪ ಹೋತೇನು?" ಎಂದು ಒಳಗೆ ನಡೆದ. ಅಕ್ಕ ಬಾಗಿಲ ಸಂದಿನಿಂದ ನನಗೆ ಸೀರೆಯ ಸೆರಗು ತೋರಿಸಿದಳು.

ಮರುದಿನ ಸೋಮವಾರ. ಅಪ್ಪ ದಿನಾ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ ಇಟ್ಟ ಮೇಲೆ ಮಿಕ್ಕ ವಿಭೂತಿಯ ಕೈಯಲ್ಲೇ ಹೊರಗೆ ಬಂದು ಕಾರಿನ ಹಣೆಗೂ ಇಡುತ್ತಾನೆ. ಕಾರು ಬಂದ ದಿನದಿಂದ ಬಿಟ್ಟಿಲ್ಲ. ಆಮೇಲೆ ಹಳೆಯ ಧೋತರದ ತುಂಡು ತೆಗೆದುಕೊಂಡು ಇಡೀ ಕಾರನ್ನು ಒಣ ಒಣ ಒರೆಸುತ್ತಾನೆ. ನೀರು ಹಾಕಿದರೆ ತುಕ್ಕು ಹಿಡಿಯುತ್ತದೆ ಎಂಬುದು ಅವನ ಸಿದ್ಧಾಂತ. ಕೂಸಿನ ಬೆನ್ನು ತಿಕ್ಕುವಂತೆ, ಸುತ್ತು ಸುತ್ತಾಗಿ ತಿಕ್ಕುತ್ತಾನೆ. ನಾನು ಹುಟ್ಟಿದಾಗಿನಿಂದ ನನ್ನ ಬೆನ್ನಿಗೆ ಸಿಗದ ಪ್ರೀತಿ.

ಅವತ್ತು ನಾನು ಹಲ್ಲುಜ್ಜುತ್ತ ನಿಂತಿದ್ದೆ. ರಾತ್ರಿಯ ಧೂಳು ನಯವಾಗಿ ಕೂತಿತ್ತು. ಅಪ್ಪ ಮೂರು ಬೆರಳು ಬಾನೆಟ್ಟಿನ ನಡುವೆ ಒತ್ತಿ, ಎಡದಿಂದ ಬಲಕ್ಕೆ ಎಳೆದು, ತುದಿಯಲ್ಲಿ ಸ್ವಲ್ಪ ಬಾಗಿಸಿದ.

ನನ್ನ ಬಾಯಲ್ಲಿದ್ದ ಬ್ರಷ್ ನಿಂತಿತು.

"ಅಪ್ಪಾ, ಒರಸಬ್ಯಾಡ. ನಿಂದ್ರು."

ಒಂದು ತಂಬಿಗೆ ನೀರು ತಂದು ಬಾನೆಟ್ಟಿನ ಮೇಲೆ ಮೆಲ್ಲಗೆ ಸುರಿದೆ. ಧೂಳು ಹೋಯಿತು. ವಿಭೂತಿ ಹೋಯಿತು. ಬಿಸಿಲು ಅಡ್ಡ ಬಿದ್ದಿತ್ತು. ನಿನ್ನೆ ದಿನವಿಡೀ ತಿಕ್ಕಿ ಕನ್ನಡಿ ಮಾಡಿದ ಜಾಗದಲ್ಲಿ ಮೂರು ಗೆರೆ. ತುದಿಯಲ್ಲಿ ಬಾಗಿದ ಮೂರು ಹೊಸ ಗೆರೆ.

ಅಪ್ಪ ಮೊದಲು ಗೆರೆ ನೋಡಿದ. ಆಮೇಲೆ ಓಣಿಯ ಎರಡೂ ಕಡೆ ನೋಡಿದ, ಬೆಕ್ಕು ಹುಡುಕುವವನಂತೆ. ಆಮೇಲೆ ತನ್ನ ಮೂರು ಬೆರಳುಗಳನ್ನು ಗೆರೆಗಳ ಮೇಲೆ ಇಟ್ಟ. ಕೂತವು. ಕೈ ಎತ್ತಿ ಬೆರಳುಗಳನ್ನು ನೋಡಿಕೊಂಡ, ಯಾರದೋ ಕೈ ತನ್ನ ತೋಳಿಗೆ ಬಂದು ಅಂಟಿದೆ ಎನ್ನುವ ಹಾಗೆ.

"ವಿಭೂತಿ ಗೀಚತದೇನೋ?"

"ವಿಭೂತಿ ಅಲ್ಲ ಅಪ್ಪಾ. ಅದರ ಕೆಳಗಿನ ಧೂಳಿ. ಉಳದ ಗೀರೆಲ್ಲಾ ನಿನ್ನ ಧೋತರದ್ದು."

ಅವನ ಬಾಯಿ ತೆರೆದೇ ಇತ್ತು. ಆ ಮುಖವನ್ನು ನಾನು ಇವತ್ತಿಗೂ ಮಾಡಿ ತೋರಿಸಲಾರೆ. ಧೋತರದ ತುಂಡನ್ನು ಕಟ್ಟೆಯ ಮೇಲೆ ಇಟ್ಟು, "ಆ ಬೆಕ್ಕಿನ್ನ ಕುಶನೂರಕ್ಕ ಕಳಸಿಬಿಟ್ಟೆ" ಎಂದ. ಕಳಿಸಿದ್ದು ಕಾಕಾ ಎಂದು ನಾನು ತಿದ್ದಲಿಲ್ಲ.

ಅಪ್ಪ ಗೇಟು ದಾಟಿ, ಕಾಕಾನ ಗೇಟಿನ ಕೊಂಡಿ ತೆಗೆದು, ಅವರ ಮನೆಯ ಬಾಗಿಲಿಗೆ ಹೋದ. ನಾನು ಪೇಸ್ಟು ತುಂಬಿದ ಬಾಯಲ್ಲಿ ಹಿಂದೆ ಹಿಂದೆ. ಬಾಗಿಲು ಮುಚ್ಚಿತ್ತು. ಅಪ್ಪ ಬಡಿಯಲಿಲ್ಲ. ಬಾಗಿಲಿಗೇ ಹೇಳುವವನಂತೆ ಹೇಳಿದ: "ಬೆಕ್ಕಿಂದು ತಪ್ಪಿಲ್ಲೋ. ನಂದೇ ತಪ್ಪಾಗ್ಯಾದ. ನಿನ್ನ ಬಿಟ್ಟು ಔರಾದಕ್ಕ ಹ್ಯಾಂಗ ಹೋಗ್ಲಿ?"

ಒಳಗಿನಿಂದ ಕಾಕಾನ ದನಿ ಬಂತು.

"ಇವತ್ತ ಬರೋಬ್ಬರಿ ಬಂದಿಲ್ಲಲೇ ತಮ್ಮಾ. ನಿಮ್ಮಪ್ಪ ಇಷ್ಟ ಮೆತ್ತಗ ಮಾತಾಡಂಗಿಲ್ಲ. ಮುಂಜಾನಿ ಮುಂಜಾನಿ ಚಾಷ್ಟಿ ಮಾಡಬ್ಯಾಡ, ಹೋಗು."

ಅಪ್ಪ ತಿರುಗಿ ನನ್ನನ್ನು ನೋಡಿದ. ಈ ಬಾಗಿಲಿಗೆ ತನ್ನ ದನಿಯನ್ನು ನಾನು ದಿನಾ ತಂದು ಕೊಡುತ್ತಿದ್ದೆ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ. ನಾನು ಬ್ರಷ್ ಕಚ್ಚಿಕೊಂಡು ನೆಲ ನೋಡಿದೆ. ಬೈಯುತ್ತಾನೆ ಎಂದುಕೊಂಡೆ. ಅವನು ಗಂಟಲು ಕೆಮ್ಮಿ ಸರಿಮಾಡಿಕೊಂಡ. ಇನ್ನೊಮ್ಮೆ ಕೆಮ್ಮಿದ.

"ಏ, ಗಾಡಿ ಧೂಳ ಹಿಡದದ. ಒರಸಿಲ್ಲ. ಹಂಗೇ ಕುಶನೂರಕ್ಕ ಹೊಂಟೀನಿ. ಬರ್ತಿಯೇನು?"

ಒಳಗೆ ಏನೋ ಪಾತ್ರೆ ಬಿದ್ದ ಸದ್ದು. ಬಾಗಿಲು ತೆರೆಯಿತು. ಕಾಕಾ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅಪ್ಪನನ್ನು.

"ಒರಸಲಾರದ ಗಾಡಿ ಹೊರಗ ತೆಗಿತಿ? ನೀ?" ಎಂದರು. ಉತ್ತರಕ್ಕೆ ಕಾಯದೆ ಒಳಗಿದ್ದ ಕಾಕಿಗೆ ಕೂಗಿದರು: "ಏ ಕೇಳಲಕತ್ತೀಯೇನು, ಆ ಬೆಕ್ಕಿನ ಚೀಲ ಎಲ್ಲಿಟ್ಟಿ?"