ಕೆಮ್ಮು ಎಲ್ಲಿಗೆ ಹೋಗಿತ್ತು?

ಅಂಗನವಾಡಿಗೆ ಅವತ್ತು ಎಷ್ಟು ಮಕ್ಕಳು ಬಂದಿದ್ದವು ಅನ್ನುವುದನ್ನು ಟೀಚರ್ ಅಶ್ವತ್ಥಮ್ಮನ ಸೆರಗಿನ ತುದಿ ನೋಡಿಯೇ ಹೇಳಬಹುದು ಎಂದು ಊರಿನ ಹೆಂಗಸರು ನಗುತ್ತಿದ್ದರು. ಯಾವ ಮಗುವಿನ ಮೂಗು ಸೋರಲಿ, ಆಕೆ ಬಟ್ಟೆ ಹುಡುಕುತ್ತಾ ಕೂರುವವಳಲ್ಲ. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯಲ್ಲಿ ಸೆರಗೆಳೆದು, "ಜೋರಾಗಿ ಊದು ನನ್ನಪ್ಪ" ಅಂದು ಒಂದೇ ಸಲಕ್ಕೆ ಒರೆಸಿಬಿಡುವವಳು. ಮದಲೂರು ಕೆರೆಯ ಆಚೆ ಕಡೆಯ ಆ ಪುಟ್ಟ ಊರಿನಲ್ಲಿ ಇಪ್ಪತ್ತಾರು ವರ್ಷ ಹೀಗೆ ಒರೆಸಿದ್ದಾಳೆ. ಆಕೆಯಿಂದ ಮೂಗು ಒರೆಸಿಕೊಂಡ ಹುಡುಗಿಯರೇ ಈಗ ತಮ್ಮ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಾರೆ.

ಅಂಥ ಅಂಗನವಾಡಿಯಲ್ಲಿ, ಎರಡು ಸಾವಿರದ ಇಪ್ಪತ್ತೆರಡರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಇಪ್ಪತ್ತೊಂದು ಮಕ್ಕಳಲ್ಲಿ ನಾಲ್ಕೇ ನಾಲ್ಕು ಕೂತಿದ್ದವು. ಉಳಿದವು ಮನೆಯಲ್ಲಿ ಕೆಮ್ಮುತ್ತಾ ಮಲಗಿದ್ದವು. ಬೋರಯ್ಯನ ಮೊಮ್ಮಗಳು ಬಿಂದುಶ್ರೀಯಂತೂ, ಮೂರು ತುಂಬಿದ ಕೂಸು, ಉಸಿರೆಳೆದರೆ ಪಕ್ಕೆ ಒಳಕ್ಕೆ ಹೋಗುವಂತಾಗಿ, ಸಿರಾ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಬಂದಿತ್ತು.

ಬೋರಯ್ಯ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ನೋಡು ಟೀಚರಮ್ಮ, ಈ ರೂಮಲ್ಲೇ ಏನೋ ಐತೆ. ಕೊರೊನಾ ಅಂತ ಬಾಗ್ಲು ಹಾಕಿದ್ರಲ್ಲ, ಆಗ ಊರಲ್ಲಿ ಒಂದು ಕೂಸು ಕೆಮ್ಮಲಿಲ್ಲ. ಬಾಗ್ಲು ತೆಗುದ್ರಿ, ಎಲ್ಲಾ ಮಲಿಕ್ಕಂಡ್ವು. ನಮ್ಮ ಮಗೀನ ನಾನಿನ್ನು ಕಳ್ಸಾಕಿಲ್ಲ."

ಅಂಗನವಾಡಿಯಲ್ಲಿ ಅಡುಗೆ ಮಾಡುವ ದಾಸಮ್ಮನಿಗೆ ರೇಗಿತು. "ಓಹೋ! ನಿನ್ನ ಬೀಡಿ ಹೊಗೆಗಿಂತ ನಮ್ಮ ರೂಮು ಕೆಟ್ಟೋಯ್ತಾ ಬೋರಣ್ಣ?"

"ಬೀಡಿ ನಾನು ನಲವತ್ತು ವರ್ಷದಿಂದ ಸೇದ್ತಾ ಇವ್ನಿ. ಆ ಎರಡು ವರ್ಷಾನೂ ಸೇದಿವ್ನಿ. ಆಗ ಯಾಕೆ ಮಗ ಕೆಮ್ಮಲಿಲ್ಲ? ಹೇಳು ನೋಡಾನ."

ಬೋರಯ್ಯ ಹೊರಟುಹೋದ.

ಅವನ ಮಾತನ್ನು ಊರು ಕೇಳುತ್ತದೆ. ಅವನು ಕಳಿಸದಿದ್ದರೆ ಮಿಕ್ಕವರೂ ಕಳಿಸುವುದಿಲ್ಲ. ಮಕ್ಕಳಿಲ್ಲದ ಅಂಗನವಾಡಿಯನ್ನು ಬೇರೆ ಊರಿನದಕ್ಕೆ ಸೇರಿಸಿಬಿಡುತ್ತಾರೆ. ಅಲ್ಲಿಗೆ ಈ ಪುಟ್ಟ ಕಾಲುಗಳು ನಡೆದು ಹೋಗುವುದುಂಟೇ? ಆದರೆ ಆ ಭಯಕ್ಕಿಂತ ಜಾಸ್ತಿ ಅಶ್ವತ್ಥಮ್ಮನನ್ನು ಕೊರೆದದ್ದು ಅವನ ಪ್ರಶ್ನೆ. ಹೌದಲ್ಲ, ಆಗ ಯಾಕೆ ಕೆಮ್ಮಲಿಲ್ಲ? ಆ ಎರಡು ಮಳೆಗಾಲ ಮನೆಮನೆಗೆ ಹೋಗಿ ಮಕ್ಕಳ ಆಹಾರ ಹಂಚಿದವಳು ತಾನೇ. ಒಂದು ಮೂಗೂ ಸೋರುತ್ತಿದ್ದ ನೆನಪಿಲ್ಲ. ಊರಿನಲ್ಲಿದ್ದ ಅಷ್ಟೂ ಕೆಮ್ಮು ಎಲ್ಲಿಗೆ ಹೋಗಿತ್ತು?

ಮಧ್ಯಾಹ್ನ ಮಕ್ಕಳನ್ನು ಕಳಿಸಿ ಮನೆಮನೆ ಹೊಕ್ಕಳು. ಸರಸಮ್ಮ ಮೊಮ್ಮಗನಿಗೆ ದೊಡ್ಡಪತ್ರೆ ರಸ ಕುಡಿಸುತ್ತಿದ್ದವಳು ನಕ್ಕಳು. "ಆಗ ಎಲ್ಲಿ ಹೊರಗೆ ಬುಟ್ಟಿದ್ವಿ ಕಣಕ್ಕ? ಕರು ಕಟ್ಟಾಕ್ದಂಗೆ ಮನೇಲೇ ಇಕ್ಕಂಡಿದ್ವಿ. ನೆಂಟ್ರಿಲ್ಲ, ಇಷ್ಟ್ರಿಲ್ಲ. ನೆಗಡೀನ ಯಾರು ತಂದ್ಕೊಡ್ಬೇಕು?"

ಈ ಮಾತು ಅಶ್ವತ್ಥಮ್ಮನನ್ನು ಹಿಡಿದು ನಿಲ್ಲಿಸಿತು. ಐದಾರು ಮನೆ ತಿರುಗುವಷ್ಟರಲ್ಲಿ ಇನ್ನೊಂದೂ ಕಣ್ಣಿಗೆ ಬಿತ್ತು. ಐದು ದಾಟಿದ ಮಕ್ಕಳು ಮೂರು ದಿನ ಕೆಮ್ಮಿ ಎದ್ದು ಕುಣಿಯುತ್ತಿದ್ದವು. ಎರಡು, ಮೂರು ವರ್ಷದವು ವಾರವಾದರೂ ಎದ್ದಿರಲಿಲ್ಲ. ಮಾರನೆಯ ದಿನ ಸಿರಾಕ್ಕೆ ಹೋದಾಗ ಔಷಧಿ ಅಂಗಡಿಯ ಸುರೇಶನನ್ನು ವಿಚಾರಿಸಿದಳು. "ಕೊರೊನಾ ವರ್ಷ ಮಕ್ಕಳ ಸಿರಪ್ಪು ಕೇಳೋರೇ ಇಲ್ಲ ಕಣಮ್ಮ. ಡೇಟ್ ಮುಗ್ದು ಬಾಕ್ಸ್‌ಗಟ್ಲೆ ವಾಪಸ್ ಕಳಿಸ್ದೆ. ಈಗ ನೋಡಿ, ಬೆಳಗ್ಗೆ ತಂದಿದ್ದು ಸಂಜೆಗಿಲ್ಲ" ಅಂದ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಬಿಂದುಶ್ರೀಯನ್ನು ನೋಡಿದ್ದ ಡಾಕ್ಟರ್ ನರಸಿಂಹರಾಜು ಅವರಿಗಾಗಿ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಬರಗೂರಿನ ತಾಯಿಯೊಬ್ಬಳ ತೊಡೆಯ ಮೇಲೆ ಒಂದು ಮಗು, ಮೂಗು ಸುರಿಸಿಕೊಂಡು ಆಕೆಯನ್ನೇ ನೋಡುತ್ತಿತ್ತು. ಅಶ್ವತ್ಥಮ್ಮ ಒರೆಸಿದಳು. ಅಷ್ಟರಲ್ಲಿ ಹೆಸರು ಕೂಗಿದರು.

"ಕಾಯಿಲೆ ನನಗಲ್ಲ ಡಾಕ್ಟ್ರೇ. ಒಂದು ಮಾತು ಕೇಳ್ಬೇಕಿತ್ತು. ಕೊರೊನಾ ಬರಬಾರ್ದು ಅಂತ ಬಾಗ್ಲು ಹಾಕುದ್ರೆ ನೆಗಡಿ ಯಾಕೆ ಹೋಯ್ತು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲಾ ಒಂದೇ ದಾರೀಲಿ ಓಡಾಡೋದಮ್ಮ. ಉಸಿರು, ಕೈ, ಎಂಜಲು, ಸಿಂಬಳ. ಮಾಸ್ಕ್ ಹಾಕಿದ್ವಿ, ಕೈ ತೊಳೆದ್ವಿ, ಮಕ್ಕಳನ್ನ ಒಂದು ಕಡೆ ಸೇರಿಸಲಿಲ್ಲ. ನಾವು ಮುಚ್ಚಿದ್ದು ಕೊರೊನಾ ದಾರಿ, ಆದ್ರೆ ಮಿಕ್ಕವಕ್ಕೂ ಬರೋಕಾಗ್ಲಿಲ್ಲ. ನಿಮ್ಮೂರಲ್ಲಿ ಮಾತ್ರ ಅಲ್ಲ, ಬಹಳ ದೇಶಗಳಲ್ಲಿ ಹಂಗೇ ಆಯ್ತು."

"ಮತ್ತೆ ಈಗ ಹಿಂಗ್ಯಾಕೆ ಒಂದೇ ಸಲಕ್ಕೆ?"

"ಮೊದಲಾದ್ರೆ ವರ್ಷಕ್ಕೆ ಒಂದಷ್ಟು ಮಕ್ಕಳಿಗೆ ಅಂಟೋದು. ಈಗಿನ ಸಣ್ಣವು ಅದರ ಮುಖಾನೇ ನೋಡಿರಲಿಲ್ಲ. ಎಲ್ಲಕ್ಕೂ ಒಟ್ಟಿಗೆ ಹೊಸದು. ಇದು ನಮ್ಮ ಅಂದಾಜು, ಪೂರ್ತಿ ಗೊತ್ತು ಅಂತ ಹೇಳಲ್ಲ."

"ಹಂಗಾದ್ರೆ ಬಾಗ್ಲು ಹಾಕಿದ್ದೇ ತಪ್ಪಾಯ್ತಾ ಸ್ವಾಮಿ?"

"ಛೆ, ಇಲ್ಲ. ಎಳೇ ಕೂಸಿಗೆ ಉಸಿರಿನ ದಾರಿ ಸಣ್ಣದು, ಈ ಕೆಮ್ಮು ತಡವಾಗಿ ಬಂದಷ್ಟೂ ಒಳ್ಳೇದೇ. ಆದ್ರೆ ಕಾಲವೆಲ್ಲ ಬಾಗಿಲು ಹಾಕ್ಕೊಂಡು ಇರೋಕಾಗುತ್ತಾ? ಇರೋ ದಾರಿಗಳಲ್ಲಿ ಯಾವುದನ್ನ ಸುಲಭವಾಗಿ ಮುಚ್ಚಬಹುದು ಅಂತ ನೋಡ್ಬೇಕು, ಅಷ್ಟೆ."

ಅಶ್ವತ್ಥಮ್ಮ ತನ್ನ ಮಡಿಲು ನೋಡಿಕೊಂಡಳು. ಬರಗೂರಿನ ಮಗುವಿನ ಸಿಂಬಳ ಸೆರಗಿನಲ್ಲಿ ಇನ್ನೂ ಹಸಿಯಾಗಿತ್ತು.

ಒಂದು ಮಗುವಿನ ಸಿಂಬಳ ಒರೆಸಿದ ಸೆರಗಿನಲ್ಲೇ ಇನ್ನೊಂದರ ಮೂಗನ್ನೂ ಒರೆಸುತ್ತಾ ಬಂದದ್ದು ಬಸ್ಸಿನಲ್ಲಿ ಆಕೆಗೆ ಒಂದೊಂದಾಗಿ ನೆನಪಾಯಿತು. ಬಾಗಿಲು ತೆರೆದ ಹೊಸದರಲ್ಲಿ ಒಂದೊಂದು ಮಗುವಿಗೂ ಮೂಗೊರೆಸಲು ಒಂದೊಂದು ಬಟ್ಟೆ ಕೊಟ್ಟಿದ್ದಳು. ಬೇಸಿಗೆಯಲ್ಲಿ ಮಾಸ್ಕಿನ ಜೊತೆಗೇ ಅದೂ ಮರೆತುಹೋಯಿತು. ಕೈ ತನ್ನ ಹಳೇ ಚಾಳಿಗೆ ತಾನೇ ಮರಳಿತ್ತು.

ಇದನ್ನು ಬೋರಯ್ಯನಿಗೆ ಹೇಳುತ್ತೇನೆ ಅಂದಾಗ ದಾಸಮ್ಮ ಗಾಬರಿಯಾದಳು. "ಸುಮ್ಕಿರಕ್ಕ. ನಾಳೆಯಿಂದ ಬಟ್ಟೇಲಿ ಒರಸು, ಮುಗೀತು. ಬಾಯಿ ಬುಟ್ಟು ಹೇಳುದ್ರೆ ಬೋರಣ್ಣ ಊರೆಲ್ಲ ಡಂಗುರ ಹೊಡೀತಾನೆ."

"ಹೊಡೀಲಿ. ರೂಮು ರೂಮು ಅಂತ ಸುಳ್ಳು ಹೇಳ್ಕಂಡು ತಿರುಗೋ ಬದ್ಲು, ನಿಜ ಹೇಳ್ಕಂಡು ತಿರುಗ್ಲಿ."

ಬೋರಯ್ಯನ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸೊಸೆ ಅಶ್ವಿನಿ ಮಗುವನ್ನು ಎದೆಗೊತ್ತಿಕೊಂಡು ಬಾಗಿಲಲ್ಲಿ ನಿಂತು ಕೇಳಿದಳು. ಬೋರಯ್ಯ ಹುಬ್ಬು ಗಂಟಿಕ್ಕಿದ. "ಇಪ್ಪತ್ತಾರು ವರ್ಷದಿಂದ ಒರಸ್ತಾ ಇದ್ದೀಯಲ್ಲ, ಆಗೆಲ್ಲ ಇಂಗಾಗಲಿಲ್ವಲ್ಲ?"

"ಆಗ್ಲೂ ಮಲಗೋವು ಬೋರಣ್ಣ. ಈ ವಾರ ಎರಡು, ಮುಂದಿನ ವಾರ ಮೂರು. ಮಳೆಗಾಲ ಅಂದ್ರೆ ಇಂಗೇ ಅಂದ್ಕಂಡು ಸುಮ್ನಿದ್ವಿ. ಆ ಎರಡು ವರ್ಷ ಪೂರಾ ನಿಂತಿದ್ದು ನೋಡಿದ್ಮೇಲೆ ತಾನೆ, ನಿಲ್ಲಿಸ್ಬೋದಿತ್ತು ಅಂತ ತಿಳಿದಿದ್ದು? ನಂದೊಂದೇ ಸೆರಗಿಂದ ಬಂತು ಅಂತಲ್ಲ. ನನ್ನ ಸೆರಗೂ ಒಂದು ದಾರಿ."

ಬೋರಯ್ಯ ಗಡ್ಡ ಕೆರೆದ. "ನಾನು ಗೋಡೇನ ಬಯ್ದೆ. ಅದು ತಿದ್ಕಣಾಕಿಲ್ಲ. ನೀನು ತಿದ್ಕಂತೀಯ. ಆಯ್ತು ಬುಡು, ನಾಳೆ ಕಳಿಸ್ತೀನಿ."

"ನಾಳೆ ಬ್ಯಾಡ. ಕೆಮ್ಮು ನಿಲ್ಲಾಗಂಟ ಮನೇಲಿರ್ಲಿ."

"ಲೇ ಅಶ್ವಿನಿ, ಕೇಳಿದ್ಯಾ? ಕಳ್ಸಾಕಿಲ್ಲ ಅಂದ್ರೆ ಮುಖ ಸಣ್ಣಗೆ ಮಾಡ್ತಾಳೆ, ಕಳಿಸ್ತೀನಿ ಅಂದ್ರೆ ಬ್ಯಾಡ ಅಂತಾಳೆ!"

ಹತ್ತು ದಿನ ಕಳೆದು, ಒಂದು ಸೋಮವಾರ ಹದಿನಾಲ್ಕು ಮಕ್ಕಳು ಬಂದವು. ಒಂದೊಂದರ ಅಂಗಿಗೂ ಅದರದೇ ಮೂಗೊರೆಸುವ ಬಟ್ಟೆಯನ್ನು ಪಿನ್ನು ಹಾಕಿ ಸಿಕ್ಕಿಸಿದ್ದರು. ಬಿಂದುಶ್ರೀ ತಾತನ ಹೆಗಲಿನಿಂದ ಇಳಿದು ಒಳಗೆ ಓಡಿತು. ತಾತ ಮನೆಗೆ ಹೋಗಲಿಲ್ಲ. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಯಾವ ಮಗು ಸೀನುತ್ತದೋ ಎಂದು ಕಾವಲು ಕಾದ.

"ಟೀಚರಮ್ಮೋ, ಮೂಲೇಲಿ ಒಂದು ಸೀನ್ತು!"

"ಕಂಡೆ ಕಣಣ್ಣ, ಕಂಡೆ" ಅಂದಳು ಒಳಗಿನಿಂದ ಅಶ್ವತ್ಥಮ್ಮ, ಆ ಮಗುವಿನ ಅಂಗಿಯ ಬಟ್ಟೆಗೆ ಕೈ ಹಾಕುತ್ತಾ.