ಬೆಸುಗೆಯ ಬೂದಿ

ನಮ್ಮ ಕಡೆ ಬೂದಿ ಅಂದರೆ ಯಾರೂ ಹೆದರುವುದಿಲ್ಲ. ಹಣೆಗೆ ಹಚ್ಚುವುದು ಬೂದಿ, ಪಾತ್ರೆ ತಿಕ್ಕುವುದು ಬೂದಿ, ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಇಟ್ಟಂಗಿ ಮಾಡಲು ಲಾರಿಗಟ್ಟಲೆ ಹೋಗುವುದೂ ಬೂದಿಯೇ. ಹಾಗಾಗಿ ರಾಯಚೂರಿನ ನಮ್ಮ ಚಿಕ್ಕ ಕಾರ್ಖಾನೆಯಲ್ಲಿ, ಕರಗಿದ ಬೆಸುಗೆಯ ಮೇಲೆ ಕಟ್ಟುವ ಬೂದುಬಣ್ಣದ ಪುಡಿಯನ್ನೂ ಎಲ್ಲರೂ ಬೂದಿ ಎಂದೇ ಕರೆಯುತ್ತಿದ್ದರು. ಅದರಲ್ಲಿದ್ದದ್ದು ಸೀಸ.

ನಾವು ಮಾಡುವುದು ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡು. ಅಲ್ಲಿ ಹುಟ್ಟುವ ಕಸದಲ್ಲಿ ಯಾವುದು ಅಪಾಯಕಾರಿ, ಯಾವುದು ಅಲ್ಲ ಎಂದು ನಿರ್ಧರಿಸುವುದು ನನ್ನ ಕೆಲಸ. ರಟ್ಟು ಗುಜರಿಗೆ ಹೋಗಬಹುದು. ಬೋರ್ಡು ಒರೆಸಿದ ಬಟ್ಟೆ, ಉಳಿದ ರಾಸಾಯನಿಕ, ಬೆಸುಗೆಯ ಪುಡಿ ಹಳದಿ ಡ್ರಮ್ಮಿಗೇ ಹೋಗಬೇಕು. ಒಂದು ಚೂರು ಅಡ್ಡಾದಿಡ್ಡಿಯಾದರೂ ನಾನು ಹರಿಹಾಯುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

"ಕಸದಾಗೂ ಜಾತಿ ಹುಡುಕ್ತೀರಲ್ರಿ ಮೇಡಮ್ಮಾರ" ಎಂದು ಕಸ ಗುಡಿಸುವ ಯವ್ವ ನಗುತ್ತಿದ್ದಳು. ದೇವದುರ್ಗದವಳು. ರಾಯಚೂರಿನಲ್ಲಿ ಒಂದು ಖೋಲಿ ಹಿಡಿದುಕೊಂಡು, ರಜೆ ಸಿಕ್ಕಾಗಲೆಲ್ಲ ಊರಿಗೆ ಓಡುತ್ತಿದ್ದಳು. ಅಲ್ಲಿ ಅವಳ ಮಗಳು ಹೆರಿಗೆಗೆ ಬಂದು ಕೂತಿದ್ದಳು.

ಆ ಬೆಳಿಗ್ಗೆ, ವಾರದಿಂದ ಕೆಟ್ಟು ನಿಂತಿದ್ದ ಬೆಸುಗೆ ತೊಟ್ಟಿಯ ಪಕ್ಕದಲ್ಲಿ ಪುಡಿ ಕೂಡಿಡುವ ತಗಡಿನ ತಟ್ಟೆ ಖಾಲಿ ಇತ್ತು. ಪುಡಿ ಡ್ರಮ್ಮಿಗೂ ಬಿದ್ದಿರಲಿಲ್ಲ.

"ಇಲ್ಲಿದ್ದ ಬೂದಿ ಎಲ್ಲಿ?" ಎಂದು ಜೋರು ಮಾಡಿದೆ.

"ಹೋದ ವಾರ ನಾನ ಒಯ್ದೀನ್ರಿ" ಎಂದಳು ಯವ್ವ, ಏನೂ ಆಗದವಳ ಹಾಗೆ. "ಮನ್ಯಾಗ ಗ್ಯಾಸ್ ಬಂದಾಗಿಂದ ಒಲಿ ಬೂದಿ ಎಲ್ಲಿ ಸಿಗತದ್ರಿ? ಮಗಳಿಗಂತ ಹೆಸರಕಾಳು ತಂದಿದ್ದೆ. ನುಸಿ ಬೀಳಬಾರದಂತ ಊರಾಗ ಬೆರೆಸಿ ಇಟ್ಟು ಬಂದೀನಿ."

 ಹೆಚ್ಚು ಕೇಳುವ ಅಗತ್ಯವೇ ಇರಲಿಲ್ಲ. ಮಾನ್ವಿಯ ನಮ್ಮ ಮನೆಯಲ್ಲೂ ಅವ್ವ ಕಾಳಿಗೆ ಬೂದಿ ಬೆರೆಸಿಯೇ ಡಬ್ಬಿ ತುಂಬುತ್ತಿದ್ದಳು.

"ಅಯ್ಯ ಶಿವನೇ! ಅದು ಬೂದಿ ಅಲ್ಲ ಯವ್ವಾ, ವಿಷ! ಮಗಳಿಗೆ ಫೋನ್ ಮಾಡು!"

ಮಗಳು ಫೋನು ಎತ್ತಲಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಯವ್ವನನ್ನು ನನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಗಬ್ಬೂರಿನ ತನಕವೂ ಅವಳು ಒಂದೇ ಸಮ ಗುಂಡಿ ಒತ್ತುತ್ತಲೇ ಇದ್ದಳು. ಫೋನು ಬಡಿದುಕೊಳ್ಳುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ.

"ತೊಳದ್ರ ಹೋಗಂಗಿಲ್ಲೇನ್ರಿ?" ಎಂದು ಕೇಳಿದಳು.

"ಎಲ್ಲಾ ಹೋಗಂಗಿಲ್ಲ."

"ಹೊಟ್ಟ್ಯಾಗಿನ ಕೂಸಿಗಿ?"

ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಒಂದು ದಾರಿ ಬಿಡದೆ ತೆವಳುತ್ತಿತ್ತು. ನಾನು ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. 

ದೇವದುರ್ಗದ ಓಣಿಗೆ ಕಾಲಿಟ್ಟಾಗಲೇ ಕುಕ್ಕರ್ ಸೀಟಿ ಕೇಳಿಸಿತು. ಯವ್ವ ಚಪ್ಪಲಿ ಬಿಡದೆ ಒಳಗೆ ನುಗ್ಗಿ ಗ್ಯಾಸ್ ಆರಿಸಿದಳು. ಮಗಳು ತುಂಬಿದ ಹೊಟ್ಟೆ ಹಿಡಿದುಕೊಂಡು ಹಿತ್ತಲಿನಿಂದ ಬಂದಳು. ಫೋನು ಚಾರ್ಜಿಗೆ ಹಾಕಿದ್ದಳಂತೆ.

"ಕುಕ್ಕರಿನ್ಯಾಗ ಏನದ?" ಯವ್ವ ಕೇಳಿದಳು.

"ಹೆಸರಕಾಳು, ಮತ್ತೇನ ಬೇ? ನೀನ ಇಟ್ಟು ಹೋಗಿದ್ಯಲ್ಲ."

"ತಿಂದಿಯೇನು ನನ್ನ ಮಗಳ? ತಿಂದಿಯೇನು?"

"ಯಾಕ ಹಿಂಗ ಚೀರಾಕತ್ತಿ? ವಾರದಿಂದ ಅದನ್ನ ತಿನ್ನಾಕತ್ತೀನಿ. ನೀನ ಹೇಳಿದ್ದಿ, ಹೆಸರು ತಂಪು, ದಿನಾ ತಿನ್ನು ಅಂತ. ಮೂರು ಸರ್ತಿ ತೊಳದ ಹಾಕ್ತೀನಿ."

ಯವ್ವ ಅಲ್ಲೇ ನೆಲಕ್ಕೆ ಕುಸಿದಳು.  ಗಾಬರಿಯಲ್ಲಿ ನನಗೆ ಬರುವ ಕೆಲಸವನ್ನೇ ಮಾಡಿದೆ. ಡಬ್ಬಿಯ ಮುಚ್ಚಳ ತೆಗೆದೆ. ಕಾಳಿನ ಹಸಿರೇ ಕಾಣದಷ್ಟು ಪುಡಿ ಮೆತ್ತಿತ್ತು. ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದೆ. ಕುಕ್ಕರಿನೊಳಗಿನದನ್ನೂ ಇನ್ನೊಂದು ಚೀಲಕ್ಕೆ ಸುರಿದು ಕಟ್ಟಿದೆ. ಕಾಳು ತೊಳೆದ ಬುಟ್ಟಿಯನ್ನೂ ಬಿಡಲಿಲ್ಲ.

"ಇದನ್ನೆಲ್ಲಾ ಎಲ್ಲಿ ಒಯ್ಯಾಕತ್ತೀರ್ರಿ?" ಮಗಳು ಕೇಳಿದಳು.

"ಹಳದಿ ಡ್ರಮ್ಮಿಗೆ" ಎಂದೆ. "ಈಗ ಇದೂ ಅಪಾಯಕಾರಿ ಕಸನ."

ಯವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಇಷ್ಟು ವರ್ಷ ನನ್ನೊಂದಿಗೆ 'ರೀ' ಬಿಟ್ಟು ಮಾತಾಡಿದವಳಲ್ಲ.

"ಕಾಳು ಡ್ರಮ್ಮಿಗಿ ಹಾಕ್ತಿ. ಬುಟ್ಟಿನೂ ಹಾಕ್ತಿ. ಅಕಿ ತಿಂದದ್ದನ್ನ ಎಲ್ಲಿ ಹಾಕ್ತಿ ಹೇಳು?"

ಚೀಲಗಳು ನನ್ನ ಕೈಯಲ್ಲೇ ಇದ್ದವು. ಮಗಳು ಒಮ್ಮೆ ನನ್ನನ್ನು, ಒಮ್ಮೆ ಅವ್ವನನ್ನು ನೋಡುತ್ತಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

"ಏಳು ಯವ್ವಾ, ಮೊದಲ ದವಾಖಾನಿಗೆ ಹೋಗೂಣು" ಎಂದೆ. ಅವಳು ಏಳಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದಳು.